ಒಂದು ಗೆರೆಯ ಸಾಕ್ಷ್ಯ: ಎಚ್.ಐ.ವಿ. ತ್ವರಿತ ಪರೀಕ್ಷೆಯೂ ಸತ್ಯವಚನದ ಮಿತಿಯೂ

ಸತ್ಯವನ್ನು ನುಡಿಯಬೇಕೆಂಬ ವಿಷಯದಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಆದರೆ ತಿಳಿದದ್ದು ಎಷ್ಟು, ಊಹಿಸಿದ್ದು ಎಷ್ಟು ಎಂಬುದನ್ನು ಬೇರ್ಪಡಿಸದೆ ಆಡಿದ ಮಾತು ಸತ್ಯವೆನಿಸುವುದೇ ಎಂಬ ಪ್ರಶ್ನೆ ಅಷ್ಟು ಸುಲಭವಾದುದಲ್ಲ. ಸುಳ್ಳು ಹೇಳುವ ಉದ್ದೇಶ ಕಿಂಚಿತ್ತೂ ಇಲ್ಲದ ಸಜ್ಜನನು ಅರ್ಧ ತಿಳಿದದ್ದನ್ನು ಪೂರ್ಣವೆಂದು ನಂಬಿ ಹೇಳಿದಾಗ, ಸುಳ್ಳಿನಿಂದಾಗುವಷ್ಟೇ ಹಾನಿಯನ್ನು ಉಂಟುಮಾಡಬಲ್ಲನು. ಈ ಪ್ರಶ್ನೆಯು ಶಾಸ್ತ್ರಚರ್ಚೆಯ ಸಭೆಗೆ ಮಾತ್ರ ಸೇರಿದುದಲ್ಲ. ಒಂದು ಹನಿ ರಕ್ತದಿಂದ ಅರ್ಧ ಗಂಟೆಯೊಳಗೆ ಉತ್ತರ ನೀಡುವ ಎಚ್.ಐ.ವಿ. ತ್ವರಿತ ಪರೀಕ್ಷೆಯು ಇದನ್ನು ಸಾಮಾನ್ಯ ಗೃಹಸ್ಥನ ಹೊಸ್ತಿಲಿಗೇ ತಂದಿರಿಸಿದೆ.

ಬಸದಿಯ ವಾರ್ಷಿಕೋತ್ಸವದಲ್ಲಿ, ಮಹಾವೀರ ಜಯಂತಿಯಂದು, ಹಿರಿಯರ ಪುಣ್ಯಸ್ಮರಣೆಯ ದಿನ ರಕ್ತದಾನ ಶಿಬಿರಗಳನ್ನು ಏರ್ಪಡಿಸುವ ಟ್ರಸ್ಟುಗಳು ಅನೇಕವಿವೆ. ಶಸ್ತ್ರಚಿಕಿತ್ಸೆಗೆ ಮುನ್ನ, ಬಸುರಿಯ ಮೊದಲ ತಪಾಸಣೆಯಲ್ಲಿ, ಕೆಲವೊಮ್ಮೆ ವಿವಾಹ ನಿಶ್ಚಯದ ಕಾಲದಲ್ಲಿಯೂ ಈ ಪರೀಕ್ಷೆ ನಡೆಯುತ್ತದೆ. ಅದರ ಫಲಿತಾಂಶವು ಒಂದು ಸಣ್ಣ ಚೀಟಿಯಲ್ಲಿ ಒಂದೇ ಪದವಾಗಿ ಬರುತ್ತದೆ. ಆ ಪದವನ್ನು ಓದಿದವರು ಅದಕ್ಕೆ ಎಷ್ಟು ಅರ್ಥವಿದೆಯೋ ಅಷ್ಟನ್ನೇ ಓದುತ್ತಾರೆಯೇ, ಇಲ್ಲದ ಅರ್ಥವನ್ನೂ ಸೇರಿಸಿ ಓದುತ್ತಾರೆಯೇ ಎಂಬುದರ ಮೇಲೆ ಒಂದು ಕುಟುಂಬದ ನೆಮ್ಮದಿ ನಿಂತಿರುತ್ತದೆ.

ಮೊದಲು ಆ ಪರೀಕ್ಷೆಯ ಸ್ವರೂಪವನ್ನು ತಿಳಿಯುವುದು ಉಚಿತ. ಎಚ್.ಐ.ವಿ. ವೈರಾಣುವನ್ನು ವಿಜ್ಞಾನಿಗಳು 1983ರಲ್ಲಿ ಗುರುತಿಸಿದರು. ರಕ್ತದಲ್ಲಿ ಸೋಂಕಿನ ಕುರುಹನ್ನು ಪತ್ತೆ ಮಾಡುವ ಎಲೈಸಾ ಪರೀಕ್ಷೆಗೆ 1985ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಭಾರತದಲ್ಲಿ ಸೋಂಕು ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈಯಲ್ಲಿ. ಅನಂತರ ಬಂದ ತ್ವರಿತ ಪರೀಕ್ಷೆಯ ಕಿಟ್ಟಿನಲ್ಲಿ ಕಿರಿದಾದ ಒಂದು ಪಟ್ಟಿ ಇರುತ್ತದೆ. ಬೆರಳ ತುದಿಯಿಂದ ತೆಗೆದ ರಕ್ತದ ಹನಿಯೂ ಒಂದು ದ್ರಾವಣವೂ ಆ ಪಟ್ಟಿಯ ಮೇಲೆ ಹರಿಯುತ್ತವೆ. ವೈರಾಣುವಿನ ವಿರುದ್ಧ ದೇಹವು ಸಿದ್ಧಪಡಿಸಿಕೊಂಡ ಪ್ರತಿಕಾಯಗಳು ರಕ್ತದಲ್ಲಿದ್ದರೆ ಅವು ಪಟ್ಟಿಯ ಒಂದು ಸ್ಥಾನದಲ್ಲಿ ಸಿಕ್ಕಿಕೊಂಡು ಬಣ್ಣದ ಗೆರೆ ಮೂಡುತ್ತದೆ. ಇನ್ನೊಂದು ಸ್ಥಾನದಲ್ಲಿ ನಿಯಂತ್ರಣ ಗೆರೆಯೆಂಬುದು ಕಾಣಬೇಕು. ದ್ರವವು ಪಟ್ಟಿಯುದ್ದಕ್ಕೂ ಸರಿಯಾಗಿ ಹರಿದಿದೆಯೆಂಬುದಕ್ಕೆ ಅದು ಗುರುತು. ಅದು ಮೂಡದಿದ್ದರೆ ಆ ಪರೀಕ್ಷೆಯೇ ಅಸಿಂಧು. ಹೊಸ ಕಿಟ್ಟಿನಲ್ಲಿ ಮತ್ತೆ ಮಾಡಬೇಕು. ಪರೀಕ್ಷೆಯ ಗೆರೆ ಮಸುಕಾಗಿದ್ದರೆ ಸೋಂಕು ಸ್ವಲ್ಪವೇ ಇದೆಯೆಂದು ಕೆಲವರು ಅರ್ಥೈಸುವುದುಂಟು. ಅದು ತಪ್ಪು. ನಿಗದಿತ ಸಮಯದೊಳಗೆ ಕಂಡ ಗೆರೆ ಎಷ್ಟು ತೆಳುವಾಗಿದ್ದರೂ ಮುಂದಿನ ಪರೀಕ್ಷೆ ಅಗತ್ಯವೆಂಬುದೇ ಅದರ ಅರ್ಥ. ನಿಗದಿತ ಸಮಯ ಕಳೆದ ಮೇಲೆ ನೋಡಿದ ಗೆರೆಗೆ ಯಾವ ಬೆಲೆಯೂ ಇಲ್ಲ.

ಇಲ್ಲಿ ಮೂರು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ನೋಡಬೇಕಾಗುತ್ತದೆ. ಈ ಹನಿಯಲ್ಲಿ ಪ್ರತಿಕಾಯದಂತೆ ವರ್ತಿಸುವ ವಸ್ತು ಇದೆಯೇ ಎಂಬುದು ಮೊದಲನೆಯದು. ಈ ವ್ಯಕ್ತಿಗೆ ಸೋಂಕು ತಗುಲಿದೆಯೇ ಎಂಬುದು ಎರಡನೆಯದು. ಈ ವ್ಯಕ್ತಿಯ ನಡತೆ ಎಂಥದು ಎಂಬುದು ಮೂರನೆಯದು. ಕಿಟ್ಟು ಉತ್ತರಿಸುವುದು ಮೊದಲನೆಯ ಪ್ರಶ್ನೆಗೆ ಮಾತ್ರ. ವೈದ್ಯರು ಮತ್ತಷ್ಟು ಪರೀಕ್ಷೆಗಳಿಂದ ಎರಡನೆಯದಕ್ಕೆ ಉತ್ತರ ಪಡೆಯುತ್ತಾರೆ. ಮೂರನೆಯದಕ್ಕೆ ಯಾವ ಪ್ರಯೋಗಾಲಯದಲ್ಲಿಯೂ ಉತ್ತರವಿಲ್ಲ. ತಾಯಿಯಿಂದ ಮಗುವಿಗೆ, ಸೋಂಕಿತ ರಕ್ತದಿಂದ ರೋಗಿಗೆ, ಬಳಸಿದ ಸೂಜಿಯಿಂದ, ಪತಿಯಿಂದ ನಿಷ್ಠಾವಂತಳಾದ ಪತ್ನಿಗೆ ಸೋಂಕು ಬರುವುದುಂಟು. ಆದರೂ ಲೋಕವು ಮೊದಲನೆಯ ಪ್ರಶ್ನೆಯ ಉತ್ತರವನ್ನು ಕೇಳಿದೊಡನೆ ಮೂರನೆಯದರ ತೀರ್ಪನ್ನು ಬರೆದುಬಿಡುತ್ತದೆ. ಅನರ್ಥದ ಮೂಲವಿರುವುದು ಈ ಜಿಗಿತದಲ್ಲಿ.

ಮೊದಲ ಪ್ರಶ್ನೆಯಿಂದ ಎರಡನೆಯದಕ್ಕೆ ಹೋಗುವ ದಾರಿಯೂ ನೇರವಾಗಿಲ್ಲವೆಂಬುದನ್ನು ಲೆಕ್ಕ ಬಲ್ಲವರು ಸುಲಭವಾಗಿ ಕಾಣಬಹುದು. ತ್ವರಿತ ಪರೀಕ್ಷೆಯ ಕಿಟ್ಟುಗಳಿಗೆ ವಿಶ್ವ ಆರೋಗ್ಯ ಸಂಸ್ಥೆಯು ಎರಡು ಅಳತೆಗಳನ್ನು ವಿಧಿಸಿದೆ. ಸೋಂಕಿತರಲ್ಲಿ ಕನಿಷ್ಠ ಶೇಕಡ 99 ಮಂದಿಯನ್ನು ಅದು ಗುರುತಿಸಬೇಕು; ಸೋಂಕಿಲ್ಲದವರಲ್ಲಿ ಕನಿಷ್ಠ ಶೇಕಡ 98 ಮಂದಿಯನ್ನು ಸೋಂಕಿಲ್ಲದವರೆಂದೇ ಬಿಡಬೇಕು. ಈ ಅಂಕಿಗಳನ್ನು ಕೇಳಿದವರು, ನೂರಕ್ಕೆ ತೊಂಬತ್ತೊಂಬತ್ತು ಸರಿಯಾಗಿರುವ ಪರೀಕ್ಷೆಯಲ್ಲಿ ಗೆರೆ ಮೂಡಿದರೆ ಸೋಂಕಿರುವ ಸಂಭವವೂ ನೂರಕ್ಕೆ ತೊಂಬತ್ತೊಂಬತ್ತು ಎಂದು ಭಾವಿಸುತ್ತಾರೆ. ವಿದ್ಯಾವಂತರೂ ಈ ಭ್ರಮೆಗೆ ಒಳಗಾಗುತ್ತಾರೆ.

ಭಾರತದ ವಯಸ್ಕರಲ್ಲಿ ಎಚ್.ಐ.ವಿ. ಸೋಂಕಿನ ಪ್ರಮಾಣ ಸುಮಾರು ಶೇಕಡ 0.2. ಅಂದರೆ 10,000 ಮಂದಿಯಲ್ಲಿ ಸುಮಾರು 20 ಮಂದಿ. ಈ ಹತ್ತು ಸಾವಿರ ಮಂದಿಯನ್ನೂ ಒಂದೇ ಕಿಟ್ಟಿನಿಂದ ಪರೀಕ್ಷಿಸಲಾಯಿತೆಂದೂ, ಕಿಟ್ಟು ಆ 20 ಮಂದಿಯನ್ನು ಒಬ್ಬರನ್ನೂ ಬಿಡದೆ ಗುರುತಿಸಿತೆಂದೂ ಇಟ್ಟುಕೊಳ್ಳಬಹುದು. ಉಳಿದ 9,980 ಮಂದಿಯಲ್ಲಿ ಶೇಕಡ 99 ಮಂದಿಯನ್ನು ಸರಿಯಾಗಿ ಬಿಟ್ಟರೂ, ಶೇಕಡ ಒಂದರಷ್ಟು, ಎಂದರೆ ಸುಮಾರು 100 ಮಂದಿಯಲ್ಲಿ ಸೋಂಕಿಲ್ಲದೆಯೇ ಗೆರೆ ಮೂಡುತ್ತದೆ. ಒಟ್ಟು 120 ಚೀಟಿಗಳಲ್ಲಿ ಒಂದೇ ಪದ ಬರೆದಿರುತ್ತದೆ. ಅವುಗಳಲ್ಲಿ ನಿಜವಾಗಿ ಸೋಂಕಿರುವುದು 20 ಮಂದಿಗೆ. ಆರು ಮಂದಿಯಲ್ಲಿ ಐವರು ನಿರೋಗಿಗಳು. ಅದೇ ಕಿಟ್ಟನ್ನು ಶೇಕಡ 20 ಮಂದಿ ಸೋಂಕಿತರಿರುವ ಒಂದು ಗುಂಪಿನಲ್ಲಿ ಬಳಸಿದರೆ 2,000 ನಿಜವಾದ ಗೆರೆಗಳೂ ಕೇವಲ 80 ಹುಸಿ ಗೆರೆಗಳೂ ಮೂಡುತ್ತವೆ. ಕಿಟ್ಟು ಬದಲಾಗಲಿಲ್ಲ, ಪರೀಕ್ಷೆಗೆ ಒಳಗಾದ ಸಮೂಹ ಬದಲಾಯಿತು. ಹೀಗೆ ಒಂದೇ ಗೆರೆಯ ಬೆಲೆ ಎಲ್ಲ ಕಡೆಯೂ ಒಂದೇ ಅಲ್ಲ. ಪ್ರಶ್ನೆಗಳನ್ನು ಕೇಳಿ, ಅಪಾಯವಿರುವವರನ್ನು ಹಿಂದಕ್ಕೆ ಕಳುಹಿಸಿ, ಉಳಿದವರಿಂದ ರಕ್ತ ಪಡೆಯುವ ಶಿಬಿರದಲ್ಲಿ ಹುಸಿ ಗೆರೆಗಳ ಪಾಲು ಇನ್ನೂ ಹೆಚ್ಚೇ ಆಗುವುದು ಸಹಜ.

ಹಾಗಾದರೆ ಇಂಥ ಪರೀಕ್ಷೆಯನ್ನು ಏಕೆ ಇಟ್ಟುಕೊಳ್ಳಬೇಕು ಎಂಬ ಆಕ್ಷೇಪ ಬರಬಹುದು. ಇದಕ್ಕೆ ಉತ್ತರ ಪರೀಕ್ಷೆಯ ಉದ್ದೇಶದಲ್ಲಿದೆ. ರಕ್ತನಿಧಿಯವರ ಮುಂದಿರುವ ಪ್ರಶ್ನೆ, ಈ ಚೀಲದ ರಕ್ತವನ್ನು ರೋಗಿಗೆ ಕೊಡಬಹುದೇ ಎಂಬುದು. ಅಲ್ಲಿ ಲೇಶಮಾತ್ರ ಸಂಶಯವಿದ್ದರೂ ಚೀಲವನ್ನು ತೆಗೆದುಹಾಕುವುದೇ ಧರ್ಮ. ಒಳ್ಳೆಯ ರಕ್ತದ ಒಂದು ಚೀಲ ನಷ್ಟವಾದರೆ ಆಗಲಿ, ಸೋಂಕಿನ ರಕ್ತ ಒಬ್ಬನ ಮೈಗೂ ಸೇರಬಾರದು. ಆದುದರಿಂದಲೇ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯು ರಕ್ತವನ್ನು ಬದಿಗಿಡಲು ಒಂದು ಪರೀಕ್ಷೆ ಸಾಕೆಂದು ವಿಧಿಸಿದೆ. ಆದರೆ ಯಾವ ರೋಗಲಕ್ಷಣವೂ ಇಲ್ಲದ ವ್ಯಕ್ತಿಗೆ ಸೋಂಕಿದೆಯೆಂದು ಹೇಳಬೇಕಾದರೆ ಮೂರು ಬೇರೆ ಬೇರೆ ಪರೀಕ್ಷೆಗಳು ಒಂದೇ ಉತ್ತರ ಕೊಡಬೇಕೆಂದು ಅದೇ ಸಂಸ್ಥೆ ಹೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯೂ 2019ರಿಂದ ಎಲ್ಲ ದೇಶಗಳಿಗೂ ಮೂರು ಪರೀಕ್ಷೆಗಳ ಕ್ರಮವನ್ನೇ ಸೂಚಿಸಿದೆ. ಒಂದು ಚೀಲವನ್ನು ಚೆಲ್ಲಲು ಬೇಕಾದ ಸಾಕ್ಷ್ಯ ಬೇರೆ, ಒಬ್ಬ ಮನುಷ್ಯನ ಬಾಳಿನ ಮೇಲೆ ಒಂದು ಮಾತು ಬರೆಯಲು ಬೇಕಾದ ಸಾಕ್ಷ್ಯ ಬೇರೆ. ತಪ್ಪಿದರೆ ಆಗುವ ಹಾನಿ ಎಷ್ಟು ದೊಡ್ಡದೋ ಸಾಕ್ಷ್ಯವೂ ಅಷ್ಟು ಬಲವಾಗಿರಬೇಕೆಂಬ ನೀತಿ ಇದರಲ್ಲಡಗಿದೆ.

ಮೂರು ಪರೀಕ್ಷೆಗಳೆಂದರೆ ಒಂದೇ ಕಿಟ್ಟಿನಲ್ಲಿ ಮೂರು ಸಲ ನೋಡುವುದಲ್ಲ. ಒಬ್ಬನೇ ಹೇಳಿದ ಸುದ್ದಿಯನ್ನು ಕೇಳಿ ಬಂದ ಮೂವರು ಮೂರು ಸಾಕ್ಷಿಗಳಾಗುವುದಿಲ್ಲ. ರಕ್ತದಲ್ಲಿನ ಬೇರಾವುದೋ ವಸ್ತು ಮೊದಲ ಕಿಟ್ಟನ್ನು ಮೋಸಗೊಳಿಸಿದ್ದರೆ ಅದೇ ಬಗೆಯ ಕಿಟ್ಟು ಮತ್ತೆಯೂ ಮೋಸಹೋಗುತ್ತದೆ. ಆದುದರಿಂದ ಬೇರೆ ತತ್ತ್ವದ ಮೇಲೆ ಅಥವಾ ಬೇರೆ ಪ್ರತಿಜನಕದಿಂದ ರಚಿತವಾದ ಕಿಟ್ಟುಗಳನ್ನೇ ಆರಿಸುತ್ತಾರೆ. ಮೊದಲನೆಯದು ಯಾರನ್ನೂ ಬಿಡದಂಥದು, ಮುಂದಿನವು ನಿರ್ದೋಷಿಗಳನ್ನು ಸೇರಿಸಿಕೊಳ್ಳದಂಥವು. ಮೇಲಿನ ಲೆಕ್ಕದಲ್ಲಿ ಮೊದಲ ಪರೀಕ್ಷೆಯ 100 ಹುಸಿ ಗೆರೆಗಳಲ್ಲಿ ಎರಡನೆಯ ಸ್ವತಂತ್ರ ಪರೀಕ್ಷೆಯ ಬಳಿಕ ಉಳಿಯುವುದು ಒಂದು ಮಾತ್ರ. ಮೂರನೆಯದರ ಬಳಿಕ, ಪರೀಕ್ಷೆಗಳು ಪೂರ್ಣವಾಗಿ ಸ್ವತಂತ್ರವೆಂದು ಭಾವಿಸಿದರೆ, 10 ಲಕ್ಷ ಜನರಲ್ಲಿ ಒಬ್ಬರಿಗೆ ಮಾತ್ರ ತಪ್ಪು ಉತ್ತರ ಉಳಿದೀತು.

ಕಿಟ್ಟಿನ ದೋಷಕ್ಕಿಂತ ಮನುಷ್ಯನ ದೋಷವೂ ಕಡಿಮೆಯದಲ್ಲ. ಹೆಸರುಗಳು ಅದಲುಬದಲಾಗಬಹುದು, ನಳಿಗೆಯ ಮೇಲಿನ ಚೀಟಿ ತಪ್ಪಬಹುದು, ಕಿಟ್ಟು ಬಿಸಿಲಲ್ಲಿ ಇದ್ದಿರಬಹುದು, ಅವಧಿ ಮುಗಿದಿರಬಹುದು. ತಾಳೆಪಟ್ಟಿ ಸರಿಹೊಂದಿದ ಮಾತ್ರಕ್ಕೆ ಲೆಕ್ಕದಲ್ಲಿ ದೋಷವಿಲ್ಲವೆಂದು ಯಾವ ಲೆಕ್ಕಿಗನೂ ಹೇಳುವುದಿಲ್ಲ. ಒಬ್ಬರ ಖಾತೆಗೆ ಹಾಕಬೇಕಾದ ಮೊತ್ತವನ್ನು ಇನ್ನೊಬ್ಬರ ಖಾತೆಗೆ ಹಾಕಿದ್ದರೆ ತಾಳೆಪಟ್ಟಿ ಅದನ್ನು ತೋರಿಸುವುದಿಲ್ಲ. ಹಾಗೆಯೇ ಒಂದೇ ನಳಿಗೆಯ ರಕ್ತವನ್ನು ಮೂರು ಕಿಟ್ಟುಗಳಲ್ಲಿ ನೋಡಿದರೂ, ನಳಿಗೆಯೇ ಬೇರೆಯವರದಾಗಿದ್ದರೆ ತಪ್ಪು ಬಯಲಾಗದು. ಈ ಕಾರಣದಿಂದ ಚಿಕಿತ್ಸೆ ಆರಂಭಿಸುವ ಮುನ್ನ ಹೊಸದಾಗಿ ರಕ್ತ ತೆಗೆದು, ಸಾಧ್ಯವಿದ್ದಲ್ಲಿ ಬೇರೊಬ್ಬರ ಕೈಯಿಂದ, ಮತ್ತೆ ಪರೀಕ್ಷಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಸಲಹೆ ನೀಡಿದೆ.

ಇದುವರೆಗೆ ಹೇಳಿದ್ದು ಗೆರೆ ಮೂಡಿದಾಗಿನ ಎಚ್ಚರ. ಮೂಡದಿದ್ದಾಗಲೂ ಎಚ್ಚರ ಬೇಕು. ಸೋಂಕು ತಗುಲಿದ ದಿನವೇ ದೇಹದಲ್ಲಿ ಪ್ರತಿಕಾಯಗಳು ಹುಟ್ಟುವುದಿಲ್ಲ. ಪ್ರತಿಕಾಯಗಳನ್ನು ಮಾತ್ರ ನೋಡುವ ತ್ವರಿತ ಪರೀಕ್ಷೆಗೆ ಸೋಂಕು ಗೋಚರವಾಗಲು ಸಾಮಾನ್ಯವಾಗಿ 23ರಿಂದ 90 ದಿನಗಳು ಬೇಕು. ಈ ನಡುವಿನ ಕಾಲವನ್ನು ಗವಾಕ್ಷಿ ಅವಧಿ ಎನ್ನುತ್ತಾರೆ. ರಕ್ತನಾಳದಿಂದ ತೆಗೆದ ರಕ್ತದಲ್ಲಿ ಪ್ರತಿಜನಕವನ್ನೂ ಪ್ರತಿಕಾಯವನ್ನೂ ಒಟ್ಟಿಗೆ ನೋಡುವ ಪ್ರಯೋಗಾಲಯದ ಪರೀಕ್ಷೆಗೆ ಇದು 18ರಿಂದ 45 ದಿನಗಳು; ವೈರಾಣುವಿನ ಆನುವಂಶಿಕ ದ್ರವ್ಯವನ್ನೇ ಹುಡುಕುವ ಪರೀಕ್ಷೆಗೆ 10ರಿಂದ 33 ದಿನಗಳು. ಎರಡು ವಾರಗಳ ಹಿಂದೆ ಸೋಂಕು ತಗುಲಿದವನಲ್ಲಿ ಗೆರೆ ಮೂಡದಿದ್ದರೆ ಕಿಟ್ಟು ಸುಳ್ಳು ಹೇಳಿತೆಂದಲ್ಲ. ಪ್ರತಿಕಾಯವಿದೆಯೇ ಎಂಬ ಪ್ರಶ್ನೆಗೆ ಇನ್ನೂ ಇಲ್ಲವೆಂಬ ಸರಿಯುತ್ತರವನ್ನೇ ಅದು ಕೊಟ್ಟಿತು. ಆ ಉತ್ತರವನ್ನು ಹಿಡಿದು ತಾನು ನಿಶ್ಚಿಂತನೆಂದು ಸಾರಿ ಇನ್ನೊಬ್ಬರನ್ನು ಅಪಾಯಕ್ಕೆ ಒಡ್ಡಿದರೆ ದೋಷ ಕಿಟ್ಟಿನದಲ್ಲ. ತಾನು ಅಪಾಯಕ್ಕೆ ಒಳಗಾಗಿರಬಹುದೆಂದು ಬಲ್ಲವನು ಉಚಿತವಾಗಿ ಪರೀಕ್ಷೆಯಾಗುತ್ತದೆಂದು ರಕ್ತದಾನ ಶಿಬಿರಕ್ಕೆ ಬರುವುದಂತೂ ದಾನದ ಹೆಸರಿನಲ್ಲಿ ನಡೆಯುವ ಹಿಂಸೆಯೇ ಸರಿ. ಅವನು ಹೋಗಬೇಕಾದುದು ಸರ್ಕಾರಿ ಆಸ್ಪತ್ರೆಗಳಲ್ಲಿರುವ ಐ.ಸಿ.ಟಿ.ಸಿ. ಕೇಂದ್ರಕ್ಕೆ, ಅಲ್ಲಿ ಪರೀಕ್ಷೆಯೂ ಆಪ್ತ ಸಮಾಲೋಚನೆಯೂ ಉಚಿತ.

ಹಸುಳೆಗಳ ವಿಷಯದಲ್ಲಿ ಇನ್ನೊಂದು ಭೇದವಿದೆ. ಸೋಂಕಿತ ತಾಯಿಯ ಪ್ರತಿಕಾಯಗಳು ಗರ್ಭದಲ್ಲಿಯೇ ಮಗುವಿಗೆ ಸಾಗಿಬರುತ್ತವೆ ಮತ್ತು 18 ತಿಂಗಳವರೆಗೂ ಇರಬಹುದು. ಆ ವಯಸ್ಸಿನೊಳಗಿನ ಮಗುವಿನ ತ್ವರಿತ ಪರೀಕ್ಷೆಯಲ್ಲಿ ಮೂಡಿದ ಗೆರೆ ತಾಯಿಯದೋ ಮಗುವಿನದೋ ಎಂದು ಹೇಳಲಾಗದು. ಅದಕ್ಕೆ ವೈರಾಣುವನ್ನೇ ಹುಡುಕುವ ಬೇರೆ ಪರೀಕ್ಷೆ ಬೇಕು. ತಾಯಿಗೆ ಸಕಾಲದಲ್ಲಿ ಚಿಕಿತ್ಸೆ ದೊರೆತರೆ ಮಗುವಿಗೆ ಸೋಂಕು ತಗುಲುವ ಸಂಭವವನ್ನು ಶೇಕಡ 5ಕ್ಕಿಂತ ಕಡಿಮೆ ಮಾಡಬಹುದು. ಹೀಗಿರುವಾಗ ಒಂದು ಗೆರೆಯನ್ನು ಕಂಡು ಕೂಸನ್ನು ಬೇರೆ ಮಾಡುವ ಬಂಧುಗಳು ತಿಳಿಯದುದನ್ನು ತಿಳಿದೆವೆಂದು ವರ್ತಿಸಿದವರಾಗುತ್ತಾರೆ.

ಈಗ ಮೂಲ ಪ್ರಶ್ನೆಗೆ ಬರಬಹುದು. ಶಿಬಿರದಲ್ಲಿ ರಕ್ತ ಕೊಟ್ಟ ಒಬ್ಬ ಯುವಕನ ಮೊದಲ ಪರೀಕ್ಷೆಯಲ್ಲಿ ಗೆರೆ ಮೂಡಿತೆಂದೂ, ಅದು ಶಿಬಿರದ ವ್ಯವಸ್ಥಾಪಕರೊಬ್ಬರ ಕಿವಿಗೆ ಬಿತ್ತೆಂದೂ, ಆ ಯುವಕನಿಗೆ ವಿವಾಹ ನಿಶ್ಚಯವಾಗಿದೆಯೆಂದೂ ಭಾವಿಸಿಕೊಳ್ಳಬಹುದು. ವ್ಯವಸ್ಥಾಪಕರು ಕನ್ಯೆಯ ಹಿತಚಿಂತಕರಾಗಿ ಆಕೆಯ ತಂದೆಗೆ ವಿಷಯ ತಿಳಿಸಿದರೆ, ಅವರ ಮನಸ್ಸಿನಲ್ಲಿ ಅದು ಸತ್ಯವೂ ಹೌದು, ಪರೋಪಕಾರವೂ ಹೌದು. ಆದರೆ ಅವರು ತಿಳಿದದ್ದು ಒಂದು ಗೆರೆಯನ್ನು. ಹೇಳಿದ್ದು ಒಂದು ರೋಗವನ್ನು. ಕೇಳಿದವರು ಗ್ರಹಿಸಿದ್ದು ಒಂದು ನಡತೆಯನ್ನು. ತಿಂಗಳ ಬಳಿಕ ಮುಂದಿನ ಪರೀಕ್ಷೆಗಳಲ್ಲಿ ಸೋಂಕಿಲ್ಲವೆಂದು ಸ್ಥಿರಪಟ್ಟರೂ ಆಡಿದ ಮಾತನ್ನು ಹಿಂದಕ್ಕೆ ಪಡೆಯುವ ಉಪಾಯವಿಲ್ಲ.

ಸತ್ಯಾಣುವ್ರತದ ಅತಿಚಾರಗಳನ್ನು ಎಣಿಸುವಾಗ ತತ್ತ್ವಾರ್ಥಸೂತ್ರವು ರಹೋಭ್ಯಾಖ್ಯಾನವನ್ನೂ ಸಾಕಾರಮಂತ್ರಭೇದವನ್ನೂ ಹೆಸರಿಸುತ್ತದೆ. ಇನ್ನೊಬ್ಬರ ಗುಟ್ಟನ್ನು ಬಯಲುಮಾಡುವುದು ಒಂದು. ಮುಖಭಾವ, ಚಲನವಲನಗಳಿಂದ ಊಹಿಸಿ ಮನದ ಮಾತನ್ನು ಹೊರಗೆಡಹುವುದು ಇನ್ನೊಂದು. ಇವೆರಡರಲ್ಲಿಯೂ ಹೇಳಿದ ವಿಷಯ ಸುಳ್ಳಾಗಿರಬೇಕೆಂದಿಲ್ಲವೆಂಬುದು ಗಮನಾರ್ಹ. ನಿಜವಾದ ವಿಷಯವನ್ನೇ ಹೇಳಿಯೂ ಸತ್ಯವ್ರತಕ್ಕೆ ಕಲಂಕ ತಂದುಕೊಳ್ಳಬಹುದೆಂದು ಪೂರ್ವಾಚಾರ್ಯರು ಕಂಡಿದ್ದರು. ಮೇಲಿನ ವ್ಯವಸ್ಥಾಪಕರ ಮಾತಿನಲ್ಲಿ ಗುಟ್ಟನ್ನು ಬಿಚ್ಚಿದ ದೋಷವೂ ಇದೆ, ಊಹೆಯನ್ನು ನಿಶ್ಚಯವೆಂದು ಸಾರಿದ ದೋಷವೂ ಇದೆ.

ಇದಕ್ಕೆ ಪ್ರಬಲವಾದ ಪ್ರತಿವಾದವೊಂದುಂಟು. ಸೋಂಕು ನಿಜವಾಗಿದ್ದರೆ ಆ ಕನ್ಯೆಯ ಗತಿಯೇನು? ಅವಳ ಪ್ರಾಣಕ್ಕಿಂತ ಯುವಕನ ಗುಟ್ಟು ದೊಡ್ಡದೇ? ಈ ಪ್ರಶ್ನೆ ನ್ಯಾಯಾಲಯದ ಮುಂದೆಯೂ ಬಂದಿತ್ತು. ರಕ್ತದಾನದ ಸಂದರ್ಭದಲ್ಲಿ ಸೋಂಕು ಪತ್ತೆಯಾಗಿ, ಅದು ಹೊರಬಿದ್ದು, ನಿಶ್ಚಿತವಾಗಿದ್ದ ಮದುವೆ ಮುರಿದುಹೋದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 1998ರಲ್ಲಿ, ಖಾಸಗಿತನದ ಹಕ್ಕು ನಿರಪೇಕ್ಷವಲ್ಲ, ವಧುವಿನ ಜೀವದ ಹಕ್ಕು ಅದಕ್ಕಿಂತ ಮೇಲು ಎಂದು ತೀರ್ಪಿತ್ತಿತು. ಸೋಂಕಿತರ ವಿವಾಹದ ಹಕ್ಕಿನ ಬಗ್ಗೆ ಆಗ ಹೇಳಿದ ಮಾತುಗಳು ಆ ಪ್ರಕರಣಕ್ಕೆ ಅನಗತ್ಯವಾಗಿದ್ದವೆಂದು 2002ರಲ್ಲಿ ಅದೇ ನ್ಯಾಯಾಲಯ ಹೇಳಿತು. 2018ರ ಸೆಪ್ಟೆಂಬರ್ 10ರಿಂದ ಜಾರಿಗೆ ಬಂದ, 2017ರ ಎಚ್.ಐ.ವಿ. ಮತ್ತು ಏಡ್ಸ್ ಕಾಯಿದೆಯು ಈ ಎರಡು ಹಿತಗಳನ್ನೂ ಒಂದು ಕ್ರಮದಲ್ಲಿ ಜೋಡಿಸಿದೆ. ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡಬಾರದು. ವಿಶ್ವಾಸದಲ್ಲಿ ತಿಳಿದದ್ದನ್ನು ಒಪ್ಪಿಗೆಯಿಲ್ಲದೆ ಹೇಳಬಾರದು. ನೌಕರಿ, ಶಿಕ್ಷಣ, ಚಿಕಿತ್ಸೆ, ವಸತಿಗಳಲ್ಲಿ ಭೇದ ಮಾಡಬಾರದು. ಸಂಗಾತಿಗೆ ಗಣನೀಯ ಅಪಾಯವಿದ್ದು, ಆಪ್ತ ಸಮಾಲೋಚನೆಯ ಬಳಿಕವೂ ಸೋಂಕಿತನು ತಾನಾಗಿ ಹೇಳದಿದ್ದರೆ, ವೈದ್ಯರು ಅಥವಾ ಸಮಾಲೋಚಕರು ಅವನಿಗೆ ಮೊದಲೇ ತಿಳಿಸಿ ಸಂಗಾತಿಗೆ ಹೇಳಬಹುದು. ಗುಟ್ಟು ಶಾಶ್ವತ ಕವಚವಲ್ಲವೆಂದು ಇದರಿಂದ ವ್ಯಕ್ತವಾಗುತ್ತದೆ. ಆದರೆ ಹೇಳುವ ಅಧಿಕಾರ ಕೇಳಿದವರೆಲ್ಲರದೂ ಅಲ್ಲ. ನಿಶ್ಚಯವಾಗುವ ಮೊದಲು ಯಾರದೂ ಅಲ್ಲ. ಮೊದಲ ಕರ್ತವ್ಯ ಆ ಯುವಕನದೇ. ನಿಶ್ಚಯವಾಗುವವರೆಗೆ ಮದುವೆಯನ್ನು ಮುಂದೂಡುವುದು, ನಿಶ್ಚಯವಾದರೆ ಕನ್ಯೆಗೆ ತಾನೇ ತಿಳಿಸುವುದು ಅವನ ಧರ್ಮ. ಅವನು ಅದನ್ನು ಮಾಡಲು ಬಲ ಕೊಡುವುದು ಹಿತೈಷಿಗಳ ಧರ್ಮ.

ಸಂದೇಹಕ್ಕೂ ಒಂದು ಮಿತಿಯಿದೆಯೆಂಬುದನ್ನು ಮರೆಯಬಾರದು. ಯಾವ ಪರೀಕ್ಷೆಯೂ ಪೂರ್ಣವಲ್ಲ, ಎಲ್ಲವೂ ಸ್ಯಾತ್ ಎಂದು ಹೇಳಿ, ಮೂರು ಪರೀಕ್ಷೆಗಳಿಂದ ಸ್ಥಿರಪಟ್ಟ ಫಲಿತಾಂಶವನ್ನೂ ತಳ್ಳಿಹಾಕಿ ಔಷಧಿಯಿಂದ ದೂರ ಉಳಿಯುವವರುಂಟು. ಸ್ಯಾದ್ವಾದವು ಸಂಶಯವಾದವಲ್ಲ. ಯಾವ ಅಪೇಕ್ಷೆಯಿಂದ ಈ ಮಾತು ನಿಜ ಎಂಬುದನ್ನು ತಿಳಿಸಿ, ಆ ಅಪೇಕ್ಷೆಯಲ್ಲಿ ಅದನ್ನು ದೃಢವಾಗಿ ಹೇಳುವುದೇ ಅದರ ರೀತಿ. ಒಂದು ಗೆರೆಯ ಮೇಲೆ ಹೌದೆನ್ನುವುದು ಅವಸರವಾದರೆ, ಮೂರು ಸಾಕ್ಷಿಗಳ ಬಳಿಕ ಅಲ್ಲವೆನ್ನುವುದು ಆತ್ಮವಂಚನೆ. ಸಂಗಾತಿಯನ್ನು ಅಪಾಯಕ್ಕೆ ತಳ್ಳಿದರೆ ಹಿಂಸೆಯೂ ಹೌದು. 1990ರ ದಶಕದಲ್ಲಿ ಈ ರೋಗದ ಹೆಸರು ಮರಣಶಾಸನದಂತೆ ಕೇಳುತ್ತಿತ್ತು. ಇಂದು ಹಾಗಿಲ್ಲ. 2004ರಿಂದ ಸರ್ಕಾರಿ ಎ.ಆರ್.ಟಿ. ಕೇಂದ್ರಗಳಲ್ಲಿ ಔಷಧಿ ಉಚಿತವಾಗಿ ದೊರೆಯುತ್ತಿದೆ. 2017ರಿಂದ ಸೋಂಕು ದೃಢಪಟ್ಟ ಎಲ್ಲರಿಗೂ ಕಾಯದೆ ಚಿಕಿತ್ಸೆ ಆರಂಭಿಸಲಾಗುತ್ತದೆ. ಕ್ರಮವಾಗಿ ಔಷಧಿ ಸೇವಿಸುವವರು ಬಹುಮಟ್ಟಿಗೆ ಇತರರಷ್ಟೇ ಕಾಲ ಬಾಳಬಲ್ಲರು. ರಕ್ತದಲ್ಲಿ ವೈರಾಣು ಪತ್ತೆಯಾಗದಷ್ಟು ಕಡಿಮೆಯಾಗಿ ಹಾಗೆಯೇ ಉಳಿದರೆ ದಾಂಪತ್ಯದಲ್ಲಿ ಸಂಗಾತಿಗೆ ಸೋಂಕು ಹರಡುವುದಿಲ್ಲ. ಆದುದರಿಂದ ನಿಶ್ಚಿತ ಸತ್ಯವನ್ನು ತಿಳಿಯುವುದರಲ್ಲಿ ಭಯಪಡಲು ಕಾರಣ ಕಡಿಮೆ, ತಿಳಿಯದಿರುವುದರಲ್ಲಿ ಹೆಚ್ಚು.

ಶಿಬಿರಗಳನ್ನು ನಡೆಸುವ ಟ್ರಸ್ಟುಗಳಿಗೆ ಇದರಿಂದ ಕೆಲವು ಕರ್ತವ್ಯಗಳು ಸ್ಪಷ್ಟವಾಗುತ್ತವೆ. ದಾನಿಗಳ ಪರೀಕ್ಷೆಯ ಫಲಿತಾಂಶ ರಕ್ತನಿಧಿಗೂ ದಾನಿಗೂ ನಡುವೆ ಇರಬೇಕಾದುದು. ವ್ಯವಸ್ಥಾಪಕರು ಅದನ್ನು ಕೇಳಬಾರದು, ತಿಳಿಸಲು ಬಂದರೂ ಸ್ವೀಕರಿಸಬಾರದು. ದಾನಿಯನ್ನು ಸಂಪರ್ಕಿಸಲು ಮನೆಯ ಹಿರಿಯರ ದೂರವಾಣಿ ಸಂಖ್ಯೆಯ ಬದಲು ಆತನದೇ ಸಂಖ್ಯೆಯನ್ನು ಬರೆಸಬೇಕು. ಮೊದಲ ಪರೀಕ್ಷೆಯ ಬಳಿಕ ಕರೆ ಬಂದರೆ ಅದು ರೋಗನಿರ್ಣಯವಲ್ಲ, ಮುಂದಿನ ಪರೀಕ್ಷೆಗೆ ಆಹ್ವಾನ ಮಾತ್ರ ಎಂದು ಶಿಬಿರದಲ್ಲಿಯೇ ಎಲ್ಲರಿಗೂ ವಿವರಿಸಬೇಕು. ಆರೋಗ್ಯ ತಪಾಸಣೆಯ ಶಿಬಿರದಲ್ಲಿ ಎಚ್.ಐ.ವಿ. ಪರೀಕ್ಷೆಯನ್ನು ಸೇರಿಸುವುದಾದರೆ ಆಪ್ತ ಸಮಾಲೋಚಕರೂ ಪ್ರತ್ಯೇಕ ಕೊಠಡಿಯೂ ಇರಬೇಕು. ಅವನ್ನು ಒದಗಿಸಲಾಗದಿದ್ದರೆ ಆ ಪರೀಕ್ಷೆಯನ್ನು ಕೈಬಿಟ್ಟು ಐ.ಸಿ.ಟಿ.ಸಿ. ಕೇಂದ್ರದ ವಿಳಾಸವನ್ನೂ 1097 ಎಂಬ ಉಚಿತ ಸಹಾಯವಾಣಿಯನ್ನೂ ತಿಳಿಸುವುದು ಲೇಸು.

ಕುಟುಂಬಗಳಲ್ಲಿ ವಿವಾಹಪೂರ್ವ ಪರೀಕ್ಷೆಯ ಮಾತು ಬಂದಾಗಲೂ ಇದೇ ವಿವೇಕ ಸಲ್ಲುತ್ತದೆ. ವಧುವರರಿಬ್ಬರೂ ಒಪ್ಪಿ, ಇಬ್ಬರೂ ಸಮನಾಗಿ, ಕೇಂದ್ರಕ್ಕೆ ಹೋಗಿ ಪರೀಕ್ಷಿಸಿಕೊಂಡರೆ ಅದರಲ್ಲಿ ಆಕ್ಷೇಪಕ್ಕೆ ಎಡೆಯಿಲ್ಲ. ಒಬ್ಬರನ್ನು ಮಾತ್ರ ಸಂಶಯಿಸಿ, ಒಂದೇ ಪರೀಕ್ಷೆಯ ಚೀಟಿಯನ್ನು ಬಂಧುಗಳ ಕೈಯಿಂದ ಕೈಗೆ ದಾಟಿಸಿ, ಅದರ ಮೇಲೆ ಸಂಬಂಧವನ್ನು ಕಟ್ಟುವುದೂ ಮುರಿಯುವುದೂ ತರವಲ್ಲ. ಚೀಟಿ ಕೈಗೆ ಬಂದವರು ಮೂರು ವಿಷಯಗಳನ್ನು ಕೇಳಿಕೊಳ್ಳಬೇಕು: ಇದು ಎಷ್ಟನೆಯ ಪರೀಕ್ಷೆ, ಯಾವ ದಿನಕ್ಕೆ ಸಂಬಂಧಿಸಿದ್ದು, ಇದನ್ನು ಓದುವ ಅಧಿಕಾರ ತನಗಿದೆಯೇ. ಮೊದಲೆರಡಕ್ಕೆ ವೈದ್ಯರಿಂದ ಉತ್ತರ ದೊರೆಯುತ್ತದೆ. ಮೂರನೆಯದಕ್ಕೆ ತನ್ನ ಅಂತಃಕರಣದಿಂದಲೇ ಪಡೆಯಬೇಕು. ಅಲ್ಲಿ ಇಲ್ಲವೆಂಬ ಉತ್ತರ ಬಂದರೆ ಚೀಟಿಯನ್ನು ಮಡಚಿ ಅದರ ಒಡೆಯನಿಗೆ ಕೊಟ್ಟು, ಯಾರೊಡನೆಯೂ ಆ ಮಾತನ್ನೆತ್ತದೆ ಇರುವುದು ಗೃಹಸ್ಥನಿಗೆ ಶೋಭೆ.